ಟಾರ್ಚಿಗೆ ಬೀಗರ ನಂಬರ್ ಯಾಕೆ?

ಗಂಡನನ್ನು ಹೆಂಡತಿಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂಬ ನಂಬಿಕೆ ನಮ್ಮ ನ್ಯಾಮತಿ ಸೀಮೆಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅದಕ್ಕೆ 2015ರಲ್ಲೇ ಕುತ್ತು ಬಂದಿತ್ತು. ಆ ವರ್ಷ ಕೇಂಬ್ರಿಜ್ ಮತ್ತು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 86,000ಕ್ಕೂ ಹೆಚ್ಚು ಜನರ ಫೇಸ್‌ಬುಕ್ ಲೈಕುಗಳನ್ನು ಕಂಪ್ಯೂಟರಿನ ಮುಂದೆ ಸುರಿದು, ಇವರ ಸ್ವಭಾವ ಎಂಥದ್ದು ಹೇಳು ನೋಡೋಣ ಅಂದರು. 10 ಲೈಕು ಸಿಕ್ಕರೆ ಅದು ಜೊತೆಗೆ ಕೆಲಸ ಮಾಡುವವರಿಗಿಂತ ಚೆನ್ನಾಗಿ ಹೇಳಿತು. 70ಕ್ಕೆ ಗೆಳೆಯರನ್ನು, 150ಕ್ಕೆ ಹೆತ್ತವರು ಒಡಹುಟ್ಟಿದವರನ್ನು ಹಿಂದೆ ಹಾಕಿತು. ಕಟ್ಟಿಕೊಂಡವರನ್ನು ದಾಟಲು 300 ಸಾಕಾಯಿತು.

ಇದನ್ನು ಮನೆಯಲ್ಲಿ ಓದಿ ಹೇಳಿದರೆ ನಮ್ಮ ಮನೆಯವರು ರೊಟ್ಟಿ ತಟ್ಟುವ ಕೈ ನಿಲ್ಲಿಸಲೇ ಇಲ್ಲ. ‘ಮುನ್ನೂರು ಬೇಕಾತಂತಾ ಅದಕ್ಕೆ? ರಾತ್ರಿ ನೀವು ಮಜ್ಜಿಗೆ ಬ್ಯಾಡ ಅಂದ್ರೆ ಸಾಕು, ಸರ್ಕಲ್‌ನಾಗೆ ಮಂಡಕ್ಕಿ ಮಿರ್ಚಿ ತಿಂದು ಬಂದೀರಿ ಅಂತ ನಂಗೆ ಗೊತ್ತಾಗತೈತಿ’ ಅಂದರು.

ಸೋತಿದ್ದು ಯಂತ್ರವೇ ಇರಬಹುದು. ಆದರೆ ಅದು ಈಗ ಲೈಕಿಗೂ ಕಾಯುವುದಿಲ್ಲ. ರೀಲ್ಸ್ ಸರಿಸುವಾಗ ಬೆರಳು ಎಲ್ಲಿ ತಡೆದು ನಿಂತಿತು, ಯಾವುದನ್ನು ಪೂರ್ತಿ ನೋಡಿದಿರಿ, ಯಾವುದನ್ನು ಎರಡನೇ ಸಲ ನೋಡಿದಿರಿ, ಎಲ್ಲವೂ ಅದರ ಲೆಕ್ಕಕ್ಕೆ ಹೋಗುತ್ತದೆ. ನಾವು ಮಾತಾಡಿದ್ದನ್ನು ಫೋನು ಕದ್ದು ಕೇಳುತ್ತದೆ ಎಂದು ಟೀ ಅಂಗಡಿಯಲ್ಲಿ ದಿನಾ ಒಬ್ಬರಾದರೂ ಆಣೆ ಮಾಡುತ್ತಾರೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ 17,000ಕ್ಕೂ ಹೆಚ್ಚು ಆ್ಯಪ್‌ಗಳನ್ನು ತಡಕಾಡಿದರು. ಹಾಗೆ ಗುಟ್ಟಾಗಿ ಮೈಕ್ ಹಚ್ಚಿಟ್ಟಿದ್ದಕ್ಕೆ ಪುರಾವೆ ಸಿಗಲಿಲ್ಲ, ಪರದೆಯ ಮೇಲೆ ನಡೆಯುವುದನ್ನು ಕೆಲವು ಆ್ಯಪ್‌ಗಳು ಚಿತ್ರೀಕರಿಸಿ ಬೇರೆಯವರಿಗೆ ಕಳಿಸುತ್ತಿದ್ದುದು ಸಿಕ್ಕಿತು. ಬೆರಳೇ ಇಷ್ಟು ಹೇಳುವಾಗ ಬಾಯಿಯ ಹಂಗೇಕೆ?

ಹಾಗಂತ ಅದು ಸರ್ವಜ್ಞನೂ ಅಲ್ಲ. ನಮ್ಮ ಸೋದರಮಾವ ಅಡಿಕೆ ಬೆಳೆಗಾರರು. ರಾಶಿ ಅಡಿಕೆಗೆ ಇವತ್ತೆಷ್ಟು ಎಂದು ತಿಳಿಯದೆ ಅವರಿಗೆ ಬೆಳಗಿನ ಚಾ ಇಳಿಯುವುದಿಲ್ಲ. ಟೈಪು ಮಾಡಲು ಬೇಸರ, ಫೋನನ್ನು ಬಾಯಿಯ ಹತ್ತಿರ ಹಿಡಿದು ‘ಮಂಡಿ ರೇಟು’ ಅನ್ನುತ್ತಾರೆ. ವಾರದೊಳಗೆ ಅವರ ಫೇಸ್‌ಬುಕ್ ತುಂಬ ಮಂಡಿನೋವಿನ ಎಣ್ಣೆ, ಮಂಡಿಗೆ ಕಟ್ಟುವ ಪಟ್ಟಿ, ಮಂಡಿ ಬದಲಿಸುವ ಆಸ್ಪತ್ರೆ! ಈಗಲೂ ಸರಸರ ತೋಟದ ಬದು ಹತ್ತಿಳಿಯುವ ಮನುಷ್ಯ. ‘ನನ್ ಕಾಲು ಹೋಗ್ಯಾವೆ ಅಂತ ಇದಕ್ಕೆ ಹೇಳ್ದೋರು ಯಾರೋ ಅಳಿಯಾ?’ ಎಂದು ಕೇಳಿದರು. ಯಾರೂ ಹೇಳಿಲ್ಲ ಎಂಬುದೇ ಅದರ ಸೊಗಸು. ಅದು ತಾನೇ ಊಹಿಸಿ ತಾನೇ ಬರೆದುಕೊಳ್ಳುತ್ತದೆ.

ವಿಚಾರಣೆಗೆ ಒಳಗಾಗುವುದು ನಮಗೇನೂ ಹೊಸದಲ್ಲ. ಶಿವಮೊಗ್ಗದಲ್ಲಿ ನ್ಯಾಮತಿ ಬಸ್ಸು ಹತ್ತಿ ನೋಡಿ. ಪಕ್ಕದವರು ಚೀಲವನ್ನು ಕಾಲಸಂದಿಗೆ ತಳ್ಳಿ, ಎಲೆಅಡಿಕೆಯನ್ನು ಒಂದು ದವಡೆಗೆ ಒತ್ತರಿಸಿಕೊಂಡು ಶುರು ಮಾಡುತ್ತಾರೆ. ‘ಯಾವೂರ್ರೀ ನಿಮ್ದು?’ ‘ಅಲ್ಲಿ ಯಾರ ಪೈಕಿ?’ ‘ತೋಟ ಎಷ್ಟೈತಿ?’ ‘ಬೋರಾಗೆ ಎಷ್ಟಿಂಚು ನೀರು?’ ‘ಮಗಳ್ನ ಎಲ್ಲಿಗೆ ಕೊಟ್ಟೀರಿ?’ ಯಾವ ಕಂಪನಿಯೂ ಇಷ್ಟು ಬೇಗ ಇಷ್ಟು ತಿಳಿದುಕೊಳ್ಳಲಾರದು. ಆದರೆ ಇಲ್ಲಿ ನಾನೂ ತಿರುಗಿ ಕೇಳಬಹುದು. ಕೇಳದಿದ್ದರೆ ಸೊಕ್ಕಿನವನು ಅಂದುಕೊಂಡಾರು. ಸವಳಂಗ ದಾಟುವುದರೊಳಗೆ ಅವರ ಬೋರಿನ ಆಳ, ಸೊಸೈಟಿ ಸಾಲ, ತಮ್ಮನ ಜೊತೆಗಿನ ಬದುವಿನ ತಕರಾರು ನನ್ನ ಕಡೆ ಬಂದಿರುತ್ತವೆ. ಲೆಕ್ಕ ಚುಕ್ತಾ. ಎರಡೆಕರೆಯನ್ನು ನಾಲ್ಕು ಮಾಡಿ ಹೇಳುವ ಸ್ವಾತಂತ್ರ್ಯ ಇಬ್ಬರಿಗೂ ಇದೆ. ಫೋನಿನೊಳಗೆ ಕೂತವರು ಏನನ್ನೂ ಕೇಳುವುದಿಲ್ಲ, ತಾವು ಯಾರು ಎಂದು ಹೇಳುವುದಿಲ್ಲ, ಏನು ಬರೆದುಕೊಂಡರೆಂದು ತೋರಿಸುವುದೂ ಇಲ್ಲ.

ಇಷ್ಟೆಲ್ಲ ವಿಚಾರಿಸುವ ಊರಿಗೂ ಒಮ್ಮೆ ಒಂದು ಸಂಗತಿ ತಪ್ಪಿಹೋಯಿತು. 2024ರ ಅಕ್ಟೋಬರ್ 28ರ ಸೋಮವಾರ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ 17 ಕಿಲೋಗೂ ಹೆಚ್ಚು ಅಡವಿನ ಚಿನ್ನ ಕಳುವಾದದ್ದು ಬೆಳಕಿಗೆ ಬಂತು. ಕಳ್ಳರು ಖಾರದಪುಡಿ ಎರಚಿ, ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದಿದ್ದರು. ತಮ್ಮ ಹಿಸ್ಟರಿ ಅಳಿಸುವ ವಿಚಾರದಲ್ಲಿ ಅವರಷ್ಟು ಶಿಸ್ತು ನಮಗ್ಯಾರಿಗೂ ಇಲ್ಲ. ಐದು ತಿಂಗಳಾದ ಮೇಲೆ ಸಿಕ್ಕಿಬಿದ್ದರು. ಅವರಲ್ಲಿ ಇಲ್ಲೇ ಸಿಹಿತಿಂಡಿ ವ್ಯಾಪಾರ ಮಾಡುತ್ತಿದ್ದವರಿದ್ದರು, ಸಾಲದ ಅರ್ಜಿ ತಿರಸ್ಕಾರವಾದ ಸಿಟ್ಟಿಗೆ ತಿಂಗಳುಗಟ್ಟಲೆ ಯೂಟ್ಯೂಬನ್ನೂ ‘ಮನಿ ಹೈಸ್ಟ್’ ಧಾರಾವಾಹಿಯನ್ನೂ ನೋಡಿ ಸಿದ್ಧರಾಗಿದ್ದರು ಎಂದು ಪೊಲೀಸರು ಹೇಳಿದರು. ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಮಧುರೈ ಕಡೆಯ ಬಾವಿಯಲ್ಲಿ. ಸಿಹಿ ಕೊಂಡವರಿಗೆ ಅವರು ಯಾರ ಪೈಕಿ ಎಂದು ಗೊತ್ತಿದ್ದಿರಬಹುದು, ರಾತ್ರಿ ಏನು ನೋಡುತ್ತಾರೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದ ಯಂತ್ರ ಏನು ಮಾಡಿರುತ್ತದೆ? ಅದೇ ಜಾತಿಯ ಇನ್ನೊಂದು ವಿಡಿಯೊ ತೋರಿಸಿರುತ್ತದೆ, ಅಷ್ಟೇ. ಅದು ನಮ್ಮನ್ನು ತಿಳಿದುಕೊಳ್ಳುವುದು ನಮ್ಮ ಒಳಿತಿಗಲ್ಲ, ನಾವು ಅಲ್ಲೇ ಕೂತಿರಲಿ ಎಂದು.

ಅದೇ ಅಕ್ಟೋಬರ್ 28ರಂದು ಬೆಂಗಳೂರಿನಲ್ಲಿ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತೀರಿಕೊಂಡರು, 98 ವರ್ಷ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೆ, ಮೊಮ್ಮಕ್ಕಳ ಜೊತೆ ಆಡಿಕೊಂಡಿರಬಹುದಾದ 86ರ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ತೀರ್ಪಿಗೆ ದೇಶವೆಲ್ಲ ಪುಟ್ಟಸ್ವಾಮಿ ತೀರ್ಪು ಎಂದೇ ಹೆಸರು. ಅವರು ತೀರಿಕೊಂಡ ದಿನ ನಮ್ಮ ಕಡೆ ಮಾತೆಲ್ಲ ಬ್ಯಾಂಕಿನದೇ. ಅಕ್ಕಪಕ್ಕದವರಿಗೆ ತಿಳಿಯದಂತೆ ಸರ ಅಡವಿಟ್ಟವರಿಗೆ ಅದು ಸರದ ಜೊತೆಗೆ ಗುಟ್ಟೂ ಹೋದ ದಿನ.

ಮಂಡಿಯ ಪ್ರಕರಣವಾದ ಮೇಲೆ ಮಾವ ಫೋನು ನನ್ನ ಕೈಗಿಟ್ಟು ‘ಏನೇನೈತಿ ನೋಡು’ ಅಂದರು. ಮೊದಲು ಸಿಕ್ಕಿದ್ದು ಒಂದು ಟಾರ್ಚ್ ಆ್ಯಪ್. ಫೋನಿನಲ್ಲೇ ಟಾರ್ಚ್ ಇದ್ದರೂ ಯಾರೋ ಹಾಕಿಕೊಟ್ಟಿದ್ದರು. ಅದಕ್ಕೆ ಲೊಕೇಶನ್ನೂ ಬೇಕು, ಕಾಂಟ್ಯಾಕ್ಟ್ಸೂ ಬೇಕು. ‘ಕತ್ಲಾಗೆ ಮೋಟ್ರು ಚಾಲೂ ಮಾಡೋಕೆ ನಮ್ಮ ಬೀಗರ ನಂಬರ್ ಯಾಕೆ ಬೇಕು ಇದಕ್ಕೆ?’ ಎಂದು ಮಾವ ಕೇಳಿದಂಥದ್ದೇ ಪ್ರಶ್ನೆಯನ್ನು 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೂಡ ಕೇಳಿತ್ತು. ಅಲ್ಲೊಂದು ಟಾರ್ಚ್ ಆ್ಯಪ್ ಜನರ ಲೊಕೇಶನ್ನನ್ನು ಜಾಹೀರಾತಿನವರಿಗೆ ದಾಟಿಸುತ್ತಿತ್ತು.

ಬೀಗರ ನಂಬರು ಕೊಡಲು ನಾವು ಯಾರು ಎಂಬುದೂ ಪ್ರಶ್ನೆಯೇ. ಕೇಂಬ್ರಿಜ್ ಅನಲಿಟಿಕಾ ಹಗರಣದ ವ್ಯಕ್ತಿತ್ವ ಪರೀಕ್ಷೆಯ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡವರು 335 ಮಂದಿ ಮಾತ್ರ. ಅವರ ಸ್ನೇಹಿತರ ಪಟ್ಟಿಯ ಮೂಲಕ 5.62 ಲಕ್ಷ ಜನರ ವಿವರ ಹೋಗಿರಬಹುದು ಎಂದು 2018ರಲ್ಲಿ ಫೇಸ್‌ಬುಕ್ಕೇ ಹೇಳಿತು. ‘ಹಿಂದಿನ ಜನ್ಮದಲ್ಲಿ ನೀವು ಯಾವ ರಾಜ?’ ಎಂದು ಕೇಳುವ ಆಟಗಳನ್ನು ಕಂಡರೆ ನನಗೆ ಅಂದಿನಿಂದ ಭಯ. ರಾಜನಾಗುವವನು ಒಬ್ಬ, ಲೂಟಿಯಾಗುವವರು ಸಾವಿರಾರು.

ಟಾರ್ಚ್ ತೆಗೆದೆವು. ಲೊಕೇಶನ್ ಕೇಳುವ ಆ್ಯಪ್‌ಗಳಿಗೆಲ್ಲ ‘ಬಳಸುವಾಗ ಮಾತ್ರ’ ಎಂದು ಕಟ್ಟು ಹಾಕಿದೆವು. ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆ್ಯಡ್ಸ್ ಒತ್ತಿ ಜಾಹೀರಾತಿನ ಐಡಿ ಅಳಿಸಿದೆವು. ಎಣ್ಣೆ ಜಾಹೀರಾತಿನ ಮೇಲಿನ ಮೂರು ಚುಕ್ಕಿ ಒತ್ತಿ ‘ಇದು ನನಗೇಕೆ ಕಾಣುತ್ತಿದೆ’ ಎಂದು ವಿಚಾರಿಸಿ, ಇನ್ನು ಬೇಡ ಎಂದೆವು. ಯೂಟ್ಯೂಬಿನಲ್ಲಿ ನೋಡಿದ್ದರ ಹಿಸ್ಟರಿ ಅಳಿಸಿ ನಿಲ್ಲಿಸಿದ್ದೇ ತಡ, ಮೊದಲ ಪುಟವೇ ಖಾಲಿಯಾಯಿತು. ಮಾವನಿಗೆ ಗಾಬರಿ, ‘ಕೆಟ್ಟೋತೇನೋ?’ ಕೆಟ್ಟಿಲ್ಲ, ಇನ್ನು ಬೇಕಾದ್ದನ್ನು ನೀವೇ ಹುಡುಕಬೇಕು, ಅದಾಗಿ ತಂದು ಸುರಿಯುವುದಿಲ್ಲ ಎಂದೆ.

ಕಾನೂನೂ ಬಂದಿದೆ ಎಂದು ಧೈರ್ಯ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳು ಮುಖ್ಯ ಭಾಗಗಳನ್ನು ಪಾಲಿಸಲು 18 ತಿಂಗಳ ಗಡುವು. ಆಮೇಲೆ ನಮ್ಮ ಯಾವ ವಿವರ ಅವರ ಬಳಿ ಇದೆ ಎಂದು ಕೇಳಬಹುದು, ತಪ್ಪಿದ್ದರೆ ತಿದ್ದಿಸಬಹುದು, ಅಳಿಸಲೂ ಹೇಳಬಹುದು.

‘ಹಂಗಾರೆ ನನ್ ಮಂಡಿ ನೆಟ್ಟಗೈತಿ ಅಂತ ತಿದ್ದುಪಡಿ ಮಾಡ್ಸಬೋದು?’

‘ಮಾಡಿಸ್ಬಹುದು ಮಾವ.’

ಪಹಣಿಯಲ್ಲಿ ತಂದೆಯ ಹೆಸರಿನ ಒಂದಕ್ಷರ ತಿದ್ದಿಸಲು ಎರಡು ಜೊತೆ ಚಪ್ಪಲಿ ಸವೆಸಿದವರು ಅವರು. ಸ್ವಲ್ಪ ಹೊತ್ತು ಯೋಚಿಸಿ ಅಂದರು: ‘ತಿದ್ದಾದು ಆಮ್ಯಾಲೆ. ಪಹಣಿನಾದ್ರೂ ದುಡ್ಡು ಕಟ್ಟಿದ್ರೆ ಕೈಗೆ ಕೊಡ್ತಾರೆ, ಓದ್ಕೋಬೋದು. ಮೊದ್ಲು ಇವ್ರು ಏನು ಬರ್ಕೊಂಡಾರೆ ಅನ್ನೋದನ್ನ ತೋರ್ಸಾಕೆ ಹೇಳು.’