ಮನೆಗೊಬ್ಬಳು ಸೈಬರ್ ವಿದ್ಯಾರ್ಥಿನಿ: ಬಳಸುವ ಕ್ರಮ

ಅಭಿನಂದನೆಗಳು! ನಿಮ್ಮ ಮನೆಯ ಮಗಳು ಸೈಬರ್ ಸೆಕ್ಯುರಿಟಿ ಮತ್ತು ಡಿಜಿಟಲ್ ಫೊರೆನ್ಸಿಕ್ಸ್ ಓದಲು ಹೊರಟಿದ್ದಾಳೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮನೆಮಂದಿಗಾಗಿ, ಅಕ್ಕಪಕ್ಕದವರಿಗಾಗಿ, ವಿಶೇಷವಾಗಿ ಕಾಕಾಂದಿರಿಗಾಗಿ ಈ ಕೈಪಿಡಿ ಸಿದ್ಧವಾಗಿದೆ. ಮನೆಯಲ್ಲಿರುವುದು ಹುಡುಗನಾದರೂ ಕ್ರಮ ಇದೇ. ಬಳಸುವ ಮುನ್ನ ಪೂರ್ತಿ ಓದಿ. ಓದದೆ ಬಳಸಿದರೆ ಆಕೆಗೂ ನಿಮಗೂ ಐಟಿ ಕಾಯ್ದೆಯ 66ನೇ ಕಲಂ ತಗುಲಬಹುದು.

1. ಕಾಲೇಜು ಆರಿಸುವ ಕ್ರಮ

ಸಿಇಟಿ ಫಲಿತಾಂಶ ಬಂದ ದಿನದಿಂದ ನಿಮ್ಮ ಫೋನಿಗೆ ಬಿಡುವಿರುವುದಿಲ್ಲ. "ನೂರಕ್ಕೆ ನೂರು ನೌಕರಿ ಗ್ಯಾರಂಟಿರಿ. ಇವತ್ತೇ ಸೀಟು ಬುಕ್ ಮಾಡ್ರಿ, ಸಂಜಿಕ ಸಿಗೂದಿಲ್ಲ" ಎನ್ನುತ್ತದೆ ಒಂದು ದನಿ. ಆಸೆ ತೋರಿಸುವುದು, ಅವಸರ ಮಾಡುವುದು, ಮುಂಗಡ ಕೇಳುವುದು ಮೂರೂ ವಂಚನೆಯ ಕರೆಯ ಲಕ್ಷಣಗಳೆಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಫೋನನ್ನು ಮಗಳ ಕೈಗೆ ಕೊಡಿ. ಫೀಸು ಕಟ್ಟುವ ಮೊದಲೇ ಒಂದು ಪಾಠ ಪುಕ್ಕಟೆ ಮುಗಿಯುತ್ತದೆ.

ಕಾಲೇಜಿಗೆ ಹೋದಾಗ ಗೇಟು, ಕಾರಂಜಿ ನೋಡಬೇಡಿ, ಲ್ಯಾಬ್ ನೋಡಿ. "ರೈಟ್ ಬ್ಲಾಕರ್ ತೋರಸ್ರಿ" ಎನ್ನಿ. ಅದು ಏನೆಂದು ನಿಮಗೆ ಈಗ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ತೋರಿಸಬೇಕಾದವರಿಗೆ ಗೊತ್ತಿದೆಯೇ ಎಂಬುದಷ್ಟೇ ಮುಖ್ಯ. ಕೋರ್ಸಿನ ಹೆಸರು ಉದ್ದವಾದಷ್ಟೂ ಲ್ಯಾಬ್ ದೊಡ್ಡದಿರುತ್ತದೆ ಎಂದು ನಂಬಬೇಡಿ. ಕಂಪ್ಯೂಟರ್ ಸೈನ್ಸ್‌ನಲ್ಲೋ ಬಿಸಿಎಯಲ್ಲೋ ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಂ ಗಟ್ಟಿಯಾಗಿ ಕಲಿತು ಆಮೇಲೆ ಫೊರೆನ್ಸಿಕ್ಸ್‌ಗೆ ಹೋದವರು ಹಿಂದೆ ಬೀಳುವುದಿಲ್ಲ. ಕಲಬುರಗಿಯಲ್ಲಿ 1958ರ ಪಿಡಿಎ ಎಂಜಿನಿಯರಿಂಗ್ ಕಾಲೇಜು, 1980ರ ಗುಲಬರ್ಗಾ ವಿಶ್ವವಿದ್ಯಾಲಯ ಇವೆ. ಕಡಗಂಚಿಯಲ್ಲಿ 2009ರ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಫೊರೆನ್ಸಿಕ್ಸ್‌ಗೆಂದೇ ಇರುವ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲಿದೆ.

ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಅದರ ಮೇಲೆ ನಿಂತಿವೆ. ಕೌನ್ಸೆಲಿಂಗ್ ಹಿಂದಿನ ದಿನ ಕಚೇರಿಗೆ ಓಡಿದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಯಾವ ಹ್ಯಾಕರ್ ಕೂಡ ಆ ಮೀಟಿಂಗಿನೊಳಗೆ ನುಗ್ಗಿದ ದಾಖಲೆಯಿಲ್ಲ.

2. ಸಾಗಣೆ

ಸೇಡಂ, ಚಿತ್ತಾಪುರದ ವಿದ್ಯಾರ್ಥಿನಿ ಕಲಬುರಗಿಗೆ ಹೋಗಬೇಕಾದರೆ ನಿಜಾಮರ ಕಾಲದಲ್ಲಿ, 1874ರಲ್ಲಿ ಶುರುವಾದ ವಾಡಿ–ಸಿಕಂದರಾಬಾದ್ ಮಾರ್ಗ ಹಿಡಿದು ವಾಡಿಗೆ ಬರಬೇಕು. ವಾಡಿಯವಳಿಗೆ ಜಂಕ್ಷನ್ ಮನೆಯಂಗಳ. ಶಹಾಬಾದಿನವಳು ನಡುದಾರಿಯಲ್ಲಿ ಹತ್ತುತ್ತಾಳೆ, ಸೀಟು ಸಿಗುವುದಿಲ್ಲ. ಚಿಂಚೋಳಿಗೆ ರೈಲೇ ಇಲ್ಲ, ಕೆಂಪು ಬಸ್ಸೇ ಗತಿ.

ಪ್ರಯಾಣದ ಹೊತ್ತು ವ್ಯರ್ಥವಲ್ಲ. ಜನರಲ್ ಬೋಗಿಯಲ್ಲಿ ಎದುರಿಗೆ ಕೂತವರು ಫೋನಿನಲ್ಲಿ, "ಓಟಿಪಿ ಬಂದದ, ಹೇಳ್ತೀನಿ ಬರ್ಕೋ, ನಾಕು, ಏಳು..." ಎಂದು ಇಡೀ ಡಬ್ಬಿಗೆ ಕೇಳುವಂತೆ ಕೂಗುತ್ತಾರೆ. ಕಳ್ಳರು ಯಂತ್ರಕ್ಕಿಂತ ಮೊದಲು ಮನುಷ್ಯರನ್ನೇ ಯಾಕೆ ಗುರಿ ಮಾಡುತ್ತಾರೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಲ್ಯಾಬ್ ಯಾವ ಕಾಲೇಜಿನಲ್ಲೂ ಇಲ್ಲ.

3. ಪೆಟ್ಟಿಗೆಯಲ್ಲಿ ಏನಿದೆ, ಏನಿಲ್ಲ

ಇರುವುದು: 16 ಜಿಬಿ ರ್‍ಯಾಮ್ ಬೇಡುವ, 8 ಜಿಬಿಯಲ್ಲಿ ನರಳುವ ಒಂದು ಲ್ಯಾಪ್‌ಟಾಪ್. ಅದರಲ್ಲಿ ವರ್ಚುವಲ್‌ಬಾಕ್ಸ್, ಕಾಲಿ ಲಿನಕ್ಸ್, ವೈರ್‌ಶಾರ್ಕ್, ಆಟೊಪ್ಸಿ. ನಾಲ್ಕೂ ಉಚಿತ. "ಸಾಫ್ಟ್‌ವೇರಿಗೆ ರೊಕ್ಕ ಬೇಕಪ್ಪಾ" ಎಂದು ಮಗಳು ಕೇಳಿದರೆ ಯಾವುದಕ್ಕೆಂದು ವಿಚಾರಿಸಿ. ಜೊತೆಗೆ ಒಂದು ದಪ್ಪ ನೋಟ್‌ಬುಕ್ಕು, ಒಂದು ಪೆನ್ನು. ಇವೇ ಮುಖ್ಯ ಉಪಕರಣಗಳು.

ಇಲ್ಲದಿರುವುದು: ಕಪ್ಪು ಟೊಪ್ಪಿಗೆಯ ಅಂಗಿ, ಪರದೆಯ ಮೇಲೆ ಸುರಿಯುವ ಹಸಿರು ಅಕ್ಷರ, ಅನ್ಯರ ವಾಟ್ಸಾಪ್ ತೆರೆಯುವ ಗುಂಡಿ. ಇವುಗಳಿಗಾಗಿ ದೂರು ಕೊಟ್ಟರೆ ಸ್ವೀಕರಿಸಲಾಗುವುದಿಲ್ಲ.

4. ಹೀಗೆ ಬಳಸಬೇಡಿ

ಮೊದಲ ದೀಪಾವಳಿ ರಜೆಗೆ ಮನೆಗೆ ಬಂದಾಗ ನೆಂಟರು ಸಾಲುಗಟ್ಟುತ್ತಾರೆ.

"ತಂಗೀ, ನಮ್ಮ ಅಳಿಯನ ಫೋನಿನಾಗ ಏನ್ ನಡದದ ಸ್ವಲ್ಪ ನೋಡಿ ಹೇಳವ್ವಾ. ಯಾರಿಗೂ ಹೇಳೂದಿಲ್ಲ."

"ಕಾಕಾ, ಅದು ನನಗ ಬರೂದಿಲ್ರಿ."

"ಮತ್ತ ಎರಡ ಲಕ್ಷ ಫೀಸ್ ಕಟ್ಟಿ ಏನ್ ಕಲೀಲಾಕತ್ತೀ?"

"ಬಂದ್ರೂ ಯಾಕ ಮಾಡಬಾರದು ಅಂತ ಕಲೀಲಾಕತ್ತೀನ್ರಿ."

ಈ ಉತ್ತರ ಬಂದರೆ ಉಪಕರಣ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಮಾಲೀಕರ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿನೊಳಗೆ, ಫೋನಿನೊಳಗೆ ಅಪ್ರಾಮಾಣಿಕವಾಗಿ ಕೈ ಹಾಕಿದರೆ ಐಟಿ ಕಾಯ್ದೆ, 2000ರ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಳಿಯನ ಗುಟ್ಟು ಅಷ್ಟು ಬೆಲೆ ಬಾಳುವುದಿಲ್ಲ.

ಪ್ರಿಂಟರ್ ರಿಪೇರಿ, ಟಿವಿ ರೀಚಾರ್ಜ್, ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿಕೊಡುವುದು ಅಪರಾಧವಲ್ಲ. ಚಹಾ ಕೊಟ್ಟರೆ ಮಾಡಿಕೊಡುತ್ತಾಳೆ.

5. ಕೆಲಸ ಮಾಡುವ ಬಗೆ

ಈ ವಿದ್ಯೆಯ ಮೊದಲ ಸೂತ್ರ ಮುಟ್ಟದಿರುವುದು. ಸಾಕ್ಷ್ಯದ ಫೋನು ಕೈಗೆ ಬಂದರೆ ತೆರೆದು ಗ್ಯಾಲರಿ ನೋಡುವುದು ನಮ್ಮ ಚಾಳಿ. ಆಕೆ ಮೊದಲು ಅದರ ಸ್ಥಿತಿ ಬರೆದುಕೊಳ್ಳುತ್ತಾಳೆ, ಫೋಟೊ ತೆಗೆಯುತ್ತಾಳೆ. ದೂರದಿಂದ ಯಾರೂ ಅಳಿಸದಂತೆ ಸಿಗ್ನಲ್ ತಡೆಯುವ ಫ್ಯಾರಡೆ ಚೀಲದೊಳಗೆ ಇಡುತ್ತಾಳೆ. ಹಾರ್ಡ್ ಡಿಸ್ಕ್ ಆದರೆ ರೈಟ್ ಬ್ಲಾಕರ್ ಮೂಲಕವೇ ಜೋಡಿಸುತ್ತಾಳೆ. ಓದಲು ಬಿಟ್ಟು ಬರೆಯಲು ಬಿಡದ ಪುಟ್ಟ ಪೆಟ್ಟಿಗೆ ಅದು. ಆಮೇಲೆ ಡಿಸ್ಕಿನ ಒಂದೊಂದು ಬಿಟ್ಟನ್ನೂ ನಕಲು ಮಾಡಿ, ಪರೀಕ್ಷೆಯನ್ನೆಲ್ಲ ನಕಲಿನ ಮೇಲೆ ನಡೆಸುತ್ತಾಳೆ. ಮೂಲ ಸೀಲಾಗಿ ಕಪಾಟು ಸೇರುತ್ತದೆ.

ನಕಲೂ ಮೂಲವೂ ಒಂದೇ ಎಂದು ಹೇಳಲು ಹ್ಯಾಶ್ ಇದೆ. ಎಸ್‌ಎಚ್‌ಎ-256 ಎಂಬ ಲೆಕ್ಕಕ್ಕೆ ಇಡೀ ಡಿಸ್ಕನ್ನು ಕೊಟ್ಟರೆ 64 ಅಂಕಿ-ಅಕ್ಷರಗಳ ಒಂದು ಸಾಲು ಬರುತ್ತದೆ. ಒಳಗೆ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಾಲು ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯಲೇಬೇಕು. ಆ ಪ್ರಮಾಣಪತ್ರದ ಮೊದಲ ಭಾಗ ಸಾಕ್ಷ್ಯ ಕೊಡುವವರು ತುಂಬುವುದು, ಎರಡನೆಯದು ತಜ್ಞರು ತುಂಬುವುದು. ಹಳೆಯ ಕಾಯ್ದೆಯ 65ಬಿ ಪ್ರಮಾಣಪತ್ರವಿಲ್ಲದೆ ಎಲೆಕ್ಟ್ರಾನಿಕ್ ನಕಲು ಸಾಕ್ಷ್ಯವಾಗದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಖಚಿತಪಡಿಸಿತ್ತು. ಅಂದಮೇಲೆ ಮಗಳು ರಾತ್ರಿಯಿಡೀ ಫಾರ್ಮ್ ತುಂಬುವುದನ್ನು ಕಲಿಯುತ್ತಿದ್ದರೆ, "ಹ್ಯಾಕಿಂಗ್ ಯಾವಾಗ?" ಎಂದು ಕೇಳಬೇಡಿ. ನ್ಯಾಯಾಲಯದಲ್ಲಿ ಗೆಲ್ಲುವುದು ಆ ಫಾರ್ಮೇ.

ಡಿಲೀಟ್ ಆದದ್ದು ಮರಳಿ ಸಿಗುತ್ತದೆಯೇ? ಹೀಗೆ ಕೇಳಿದವರನ್ನು ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಕರೆದುಕೊಂಡು ಹೋಗಿ ತೋರಿಸಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿ ಕುಸಿದಾಗ, ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿ ಕೂರಿಸಲು ಕೊರೆದ ಕಡೆ ಅಕ್ಷರ ಹೋಗಿವೆ, ಉಳಿದ ಕಡೆ ಉಳಿದಿವೆ. ಹಾರ್ಡ್ ಡಿಸ್ಕಿನಲ್ಲೂ ಡಿಲೀಟ್ ಒತ್ತಿದರೆ ಹೋಗುವುದು ವಿಳಾಸ ಮಾತ್ರ, ಆ ಜಾಗದಲ್ಲಿ ಹೊಸದು ಬರೆಯುವ ತನಕ ಹಳೆಯದು ಇರುತ್ತದೆ. ಹೊಸ ಎಸ್‌ಎಸ್‌ಡಿಗಳು ಖಾಲಿ ಜಾಗವನ್ನು ತಾವೇ ಒರೆಸಿಡುತ್ತವೆ, ಹೊಸ ಫೋನುಗಳು ಎಲ್ಲವನ್ನೂ ಗೂಢಲಿಪಿಯಲ್ಲಿ ಇಡುತ್ತವೆ. ಅವುಗಳಲ್ಲಿ ಹೋದದ್ದು ಬಹುಪಾಲು ಹೋದಂತೆಯೇ. "ಸಿಗೂದಿಲ್ಲ" ಎಂದು ಹೇಳಲು ಬರುವವಳೇ ಪಕ್ಕಾ ತಜ್ಞೆ.

ಗಡಿಯಾರದ ಎಚ್ಚರಿಕೆ: ಅನೇಕ ಕಡತಗಳಲ್ಲಿ ವೇಳೆ ಯುಟಿಸಿಯಲ್ಲಿರುತ್ತದೆ. ಅದಕ್ಕೆ ಐದೂವರೆ ಗಂಟೆ ಸೇರಿಸಲು ಮರೆತರೆ ರಾತ್ರಿ ಶಿಫ್ಟಿನಲ್ಲಿದ್ದ ನಿರಪರಾಧಿ ಸಂಜೆಯ ಕಳ್ಳನಾಗುತ್ತಾನೆ.

6. ಊರಿನದೇ ಅಭ್ಯಾಸ ಪ್ರಶ್ನೆ

2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅದರಲ್ಲಿ ನಡೆದ ಅಕ್ರಮದಿಂದ ಕಲಬುರಗಿಯ ಒಂದು ಕೇಂದ್ರದ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ಕಿವಿಗೆ ಉತ್ತರ ಹೇಳುವ ಬ್ಲೂಟೂತ್ ಸುದ್ದಿಯಾಯಿತು. ಆದರೆ ಸಿಐಡಿ ಅಭ್ಯರ್ಥಿಗಳನ್ನು ಕರೆಸಿ ಕೇಳಿದ್ದು ಒಎಂಆರ್ ಹಾಳೆಯ ಕಾರ್ಬನ್ ಪ್ರತಿಯನ್ನು. ಮೂಲದಲ್ಲಿ ತುಂಬಿದ್ದು ನಕಲಿನಲ್ಲಿ ಇಲ್ಲದಿದ್ದರೆ ನಡುವೆ ಯಾರದೋ ಪೆನ್ನು ಓಡಾಡಿದೆ. ಹ್ಯಾಶ್ ಮಾಡುವ ಕೆಲಸವನ್ನೇ ಇಲ್ಲಿ ಕಾರ್ಬನ್ ಹಾಳೆ ಮಾಡಿತು. 2022ರಲ್ಲಿ ಆಯ್ಕೆಪಟ್ಟಿ ರದ್ದಾಯಿತು, 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯಿತು. ಈ ನಡುವೆ 2023ರ ಅಕ್ಟೋಬರಿನಲ್ಲಿ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಇನ್ನೊಂದು ಪರೀಕ್ಷೆಯ ಹೊತ್ತಿಗೆ ಬ್ಲೂಟೂತ್ ಮತ್ತೆ ಸಿಕ್ಕಿಬಿತ್ತು. ಪ್ರಾಮಾಣಿಕವಾಗಿ ಓದಿದ ನಮ್ಮ ಹುಡುಗರ ವರ್ಷಗಳು ಕಿವಿಯೊಳಗಿನ ಒಂದು ಸಣ್ಣ ಗುಂಡಿಗೆ ಬಲಿಯಾದವು. ಈ ವಿದ್ಯೆ ನಮ್ಮ ಭಾಗಕ್ಕೇ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಈ ಪ್ಯಾರಾವನ್ನು ಗಟ್ಟಿಯಾಗಿ ಓದಿ ಹೇಳಿ.

7. ತುರ್ತು ಸಂದರ್ಭದಲ್ಲಿ

ತೊಗರಿ ಮಾರಿದ ರೊಕ್ಕ ಖಾತೆಗೆ ಬಂದ ವಾರ ಎಚ್ಚರವಿರಲಿ. ಸಿಬಿಐ ಎಂದು ಹೇಳಿಕೊಂಡು ವಿಡಿಯೊ ಕರೆಯಲ್ಲಿ, "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ" ಎಂದರೆ ಫೋನ್ ಇಡಿ. ಅಂಥ ಅರೆಸ್ಟ್ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ.

ಹಣ ಹೋಗಿದ್ದರೆ: ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೈಗುಳ ಆಮೇಲೆ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲೇ. ಯುಟಿಆರ್ ಸಂಖ್ಯೆ ಬರೆದುಕೊಳ್ಳಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮರ್ಯಾದೆ ಹೋಗುತ್ತದೆಂದು ಚಾಟ್ ಅಳಿಸಬೇಡಿ, ಅಂಗಡಿಗೆ ಹೋಗಿ ಫೋನ್ ಫಾರ್ಮ್ಯಾಟ್ ಮಾಡಿಸಬೇಡಿ. ಅಪ್ಪ ನಾಚಿಕೆಯಿಂದ ಅಳಿಸಿದ್ದು ಕಳ್ಳನಿಗೆ ಮಾಡಿದ ಉಪಕಾರ. ಹೆಬ್ಬೆಟ್ಟಿನಿಂದಲೇ ಹಣ ತೆಗೆಯುವ ಅಜ್ಜಿಯ ಆಧಾರ್ ಬಯೊಮೆಟ್ರಿಕ್ಕನ್ನು ಲಾಕ್ ಮಾಡಿಕೊಡಿ, ಹಣ ತೆಗೆಯುವ ದಿನ ಮಾತ್ರ ತೆರೆಯಿರಿ.

8. ದೋಷ ಮತ್ತು ಪರಿಹಾರ

ದೋಷ: ಕರೆಂಟ್ ಹೋಗಿ ಆರು ತಾಸಿನ ಇಮೇಜಿಂಗ್ (ಡಿಸ್ಕಿನ ನಕಲು) ನಡುವೆ ನಿಂತಿತು.
ಪರಿಹಾರ: ಮೊದಲಿನಿಂದ ಮಾಡಿ. ನಿಂತದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ದೋಷ: ಕಲಿಯುವವಳು ಪಂಚನಾಮೆಯನ್ನು ಕನ್ನಡದಲ್ಲಿ ಬರೆಯಲಾರಳು.
ಪರಿಹಾರ: ಠಾಣೆಯ ಹಳೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಹತ್ತಿರ ಕೂರಿಸಿ. ಯಾವ ವಸ್ತು, ಯಾರ ಸಮಕ್ಷಮ, ಎಷ್ಟು ಗಂಟೆಗೆ, ಯಾವ ಸೀಲು ಎಂದು ಒಂದನ್ನೂ ಬಿಡದೆ ಬರೆಯುವುದು ಅವರಿಗೆ ಕರಗತ.

ದೋಷ: "ನೌಕರಿ ಎಲ್ಲಿ?" ಎಂಬ ಸದ್ದು ಮನೆಯಲ್ಲಿ ನಿರಂತರ.
ಪರಿಹಾರ: ದೇಶದ ಮೊದಲ ಸೈಬರ್ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನ ಸಿಐಡಿಯಲ್ಲಿ ಶುರುವಾಯಿತು. ಈಗ ಜಿಲ್ಲೆಗಳಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ, ಕಲಬುರಗಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. 7 ವರ್ಷ ಮತ್ತು ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಬ್ಯಾಂಕುಗಳಿವೆ, ಕಂಪನಿಗಳ ಭದ್ರತಾ ಕಾವಲು ಕೇಂದ್ರಗಳಿವೆ. ಅಲ್ಲಿ ಮೂರು ಶಿಫ್ಟು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಮನೆಗಳಿಗೆ ನೈಟ್ ಶಿಫ್ಟ್ ಏನೆಂದು ವಿವರಿಸಬೇಕಿಲ್ಲ. ಆ ಕಾರ್ಖಾನೆಗಳ ಗೂಡುಗಳನ್ನೂ ಈಗ ಕಂಪ್ಯೂಟರುಗಳೇ ನಡೆಸುತ್ತವೆ. ಕೋಡ್ ಒಂದರಿಂದಲೇ ಯಂತ್ರ ಕೆಡಿಸಬಹುದೆಂದು 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಇರಾನಿನಲ್ಲಿ ತೋರಿಸಿತು. ಅಪ್ಪ ಕಾದ ಗೂಡನ್ನೇ ಮಗಳು ಇನ್ನೊಂದು ಬಾಗಿಲಲ್ಲಿ ಕಾಯಬಹುದು.

9. ಗ್ಯಾರಂಟಿ

ಈ ವಿದ್ಯಾರ್ಥಿನಿ ಬೀಗ ಒಡೆದುಕೊಡುವುದಿಲ್ಲ, ಬೀಗ ಒಡೆದವರು ಯಾರೆಂದು ಕಟಕಟೆಯಲ್ಲಿ ನಿಂತು ಹೇಳಬಲ್ಲಳು. ಎದುರು ವಕೀಲರು ಎರಡು ತಾಸು ಕೆಣಕಿದರೂ ಬರೆದದ್ದನ್ನಷ್ಟೇ ಹೇಳುವಳು. ಯಾರದೋ ಒತ್ತಾಯಕ್ಕೆ ಒಂದು ಸಲ, ಒಂದೇ ಸಲ, ಅನ್ಯರ ಫೋನಿನೊಳಗೆ ಇಣುಕಿದರೆ ಗ್ಯಾರಂಟಿ ರದ್ದು. ಅಂದಿನಿಂದ ಆಕೆಯ ಯಾವ ವರದಿಯನ್ನೂ ಎದುರು ಪಕ್ಷ ನಂಬಬೇಕಿಲ್ಲ. ಅದಕ್ಕೆ ರಿಪೇರಿಯೂ ಇಲ್ಲ, ಬದಲಿ ಮಾಲೂ ಇಲ್ಲ. ಕಾಕಾ ಅವರು ಈ ಕಲಮನ್ನು ಎರಡು ಸಲ ಓದತಕ್ಕದ್ದು.

ಸೂಚನೆ: ಈ ಕೈಪಿಡಿ ವಾಟ್ಸಾಪಿನಲ್ಲಿ ನಿಮಗೆ ಬಂದು, ಕೊನೆಯಲ್ಲಿ "ಉಚಿತ ಲ್ಯಾಪ್‌ಟಾಪಿಗಾಗಿ ಇಲ್ಲಿ ಒತ್ತಿ" ಎಂದಿದ್ದರೆ ಅದು ನಕಲಿ. ಅಸಲಿ ಪ್ರತಿಯಲ್ಲಿ ಒತ್ತುವಂಥದ್ದು ಏನೂ ಇಲ್ಲ.