ಡ್ಯಾಶ್‌ಬೋರ್ಡ್ ದೀಪ ಮೀಮಾಂಸೆ: ರಾಮದುರ್ಗ ಸೀಮೆಯ ಒಂದು ಪ್ರಿಟೆನ್ಷನರ್ ದೋಷಸಂಕೇತವನ್ನು ಕುರಿತು

ಪದನಿಷ್ಪತ್ತಿಯಿಂದ ಹೊರಡುವುದು ವಿದ್ವಾಂಸರ ಕ್ರಮ. ವಿಷಯ ಗೊತ್ತಿಲ್ಲದಾಗ ಅದು ಅನುಕೂಲವೂ ಹೌದು. ‘ಟೆನ್ಷನ್’ ಎಂಬುದು ರಾಮದುರ್ಗ ಸೀಮೆಯ ಅಚ್ಚಗನ್ನಡ ಶಬ್ದ. ಮಳೆ ಕೈಕೊಟ್ಟರೂ ಟೆನ್ಷನ್, ಮಲಪ್ರಭೆ ತುಂಬಿ ಬಂದರೂ ಟೆನ್ಷನ್. ‘ಪ್ರಿ’ ಎಂದರೆ ಮುಂಚಿನ. ಆದ್ದರಿಂದ ಟೆನ್ಷನ್ನಿಗೂ ಮುಂಚೆ ಟೆನ್ಷನ್ ತರುವಂಥದು ಪ್ರಿಟೆನ್ಷನರ್. ಈ ಲಕ್ಷಣ ಅಳಿಯಂದಿರಿಗೂ ಅನ್ವಯಿಸುವುದರಿಂದ ಅತಿವ್ಯಾಪ್ತಿ ದೋಷ ಬರುತ್ತದೆಂದು ನಮ್ಮ ಮಾವನವರು ಆಕ್ಷೇಪಿಸಿದ್ದಾರೆ. ಅವರ ಆಕ್ಷೇಪವನ್ನು ದಾಖಲಿಸಿ ಮುಂದುವರಿಯುತ್ತೇನೆ.

ಕಾರಿನ ಸೀಟ್ ಬೆಲ್ಟಿಗೆ ಸೇರಿದ ವಸ್ತುವಾದ್ದರಿಂದ ಇದರ ಕಾಲನಿರ್ಣಯ ಸುಲಭ. ಎದೆ, ಸೊಂಟ ಎರಡನ್ನೂ ಹಿಡಿಯುವ ಈಗಿನ ಬೆಲ್ಟನ್ನು ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ; ಅದು ಕಾರಿಗೆ ಬಂದದ್ದು 1959ರಲ್ಲಿ. ರಾಮದುರ್ಗ ಸಂಸ್ಥಾನ 1948ರಲ್ಲೇ ವಿಲೀನವಾಗಿತ್ತು. ಹಾಗಾಗಿ ಭಾವೆ ಅರಸರು ಗಾದಿಯ ಮೇಲಿದ್ದಾಗ ಈ ಬೆಲ್ಟ್ ಹಾಕುತ್ತಿರಲಿಲ್ಲ ಎಂಬುದು ನಿರ್ವಿವಾದ. ಈ ಶೋಧ ನನ್ನದೇ, ಯಾರೂ ಕದಿಯಬಾರದು.

ಇನ್ನು ವಸ್ತುವಿನ ಸ್ವರೂಪ. ಡಿಕ್ಕಿಯಾದ ಕ್ಷಣದಲ್ಲಿ ಕಂಟ್ರೋಲ್ ಯುನಿಟ್ಟಿನಿಂದ ಕರೆಂಟು ಹರಿದು, ಚಿಟಿಕೆಯಷ್ಟು ಮದ್ದು ಸಿಡಿದು, ಅದರಿಂದ ಹೊಮ್ಮಿದ ಅನಿಲದ ಒತ್ತಡ ಬೆಲ್ಟನ್ನು ಕೆಲವು ಇಂಚು ಹಿಂದಕ್ಕೆ ಎಳೆಯುತ್ತದೆ. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇದನ್ನು ನನ್ನಂಥ ಪದವೀಧರನಿಗೆ ಯಾರೂ ತಿಳಿಯುವಂತೆ ಹೇಳಿರಲಿಲ್ಲ. ಹೇಳಿದವರು ನಮ್ಮ ಓಣಿಯ ನೇಕಾರ ಕಾಕಾ. ಸೀಟಿನಲ್ಲಿ ಕೂತು, ಎರಡು ಇಂಚು ಅಗಲದ ಬೆಲ್ಟನ್ನು ಹೆಬ್ಬೆರಳಿನಿಂದ ಸವರಿ, ಅಂಚನ್ನು ಬೆಳಕಿಗೆ ಹಿಡಿದು ನೋಡಿ, “ಪಾಲಿಸ್ಟರ್ ನೇಯ್ಗಿ, ಗಟ್ಟಿ ಐತಿ” ಎಂದರು. ಆಮೇಲೆ, “ಹಾಸು ಸಡ್ಲಾದ್ರ ಸೀರಿ ಕೆಡ್ತೈತಿ ತಮ್ಮಾ. ಇದು ಸಡ್ಲಾದ್ರ ಒಳಗ ಕುಂತಾವ ಕೆಡ್ತಾನ. ಸಡ್ಲ ಎಳಕೊಳ್ಳಾಕ ಏನರ ಇಟ್ಟಿರಬೇಕ ನೋಡು” ಎಂದರು. ಮರ್ಸಿಡಿಸ್‌ನವರು 1981ರಲ್ಲಿ ತಮ್ಮ ದೊಡ್ಡ ಕಾರಿಗೆ ಏರ್‌ಬ್ಯಾಗಿನ ಜೊತೆ ಇದನ್ನು ಕೂಡಿಸಿದ್ದರು. ಕಾಕಾ ಮಗ್ಗದ ಮೇಲಿಂದಲೇ ಅಲ್ಲಿಗೆ ಮುಟ್ಟಿದ್ದರು.

ಈಗ ಪ್ರಕರಣ. ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದ ಮರುದಿನ, ಕೀಲಿ ತಿರುವಿದೊಡನೆ ಹೊತ್ತಿ ನಾಲ್ಕಾರು ಸೆಕೆಂಡಿಗೆ ಆರಬೇಕಾದ ಏರ್‌ಬ್ಯಾಗ್ ದೀಪ ಆರಲಿಲ್ಲ. ಪ್ರಿಟೆನ್ಷನರಿನ ದೂರು ಹೇಳುವುದೂ ಅದೇ ದೀಪ. ನೈಯಾಯಿಕರು ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದರು. ನನಗೆ ಉರಿ ಕಾಣುತ್ತಿತ್ತು, ಹೊಗೆಯ ಸುಳಿವಿರಲಿಲ್ಲ.

ಪೂರ್ವಪಕ್ಷಗಳು ಹಲವು. ಟಿಕಳಿ ಪಂಥದವರ ಪ್ರಕಾರ ದೀಪದ ಮೇಲೊಂದು ಟಿಕಳಿ ಅಂಟಿಸಿದರೆ ದೋಷ ಪರಿಹಾರ. ಕಾಣದ್ದು ಇಲ್ಲ ಎಂಬುದು ಅವರ ಪ್ರಮಾಣ. ಬ್ಯಾಟರಿ ಪಂಥದವರು ವಾಯರ್ ಕಳಚಿ, ಚಹಾ ಕುಡಿದು, ಮತ್ತೆ ಸಿಕ್ಕಿಸಿದರು. ದೀಪವೂ ಚಹಾ ಕುಡಿದು ಬಂದಂತೆ ಹುರುಪಿನಿಂದ ಉರಿಯಿತು. ಬೆಲ್ಟಿಲ್ಲದ ಬರೀ ಕ್ಲಿಪ್ ತಂದು ಬಕಲ್ಲಿಗೆ ತುರುಕಿದ ನನ್ನ ಭಾವಮೈದುನ ಪ್ರಕರಣವನ್ನೇ ತಪ್ಪಾಗಿ ಓದಿಕೊಂಡವನು. ಅದು ಬೆಲ್ಟ್ ಹಾಕೆಂದು ಕುಂಯ್‌ಗುಟ್ಟುವ ಬೇರೊಂದು ದೀಪದ ಬಾಯಿ ಮುಚ್ಚಿಸುವ ಉಪಾಯ. ಬೆಲ್ಟ್ ಹಾಕದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿ ಸಾವಿರ ರೂಪಾಯಿಯ ಭಾಷ್ಯವಿದೆ. ದೊಡ್ಡೂರಿನ ಷೋರೂಮಿನವರದು ‘ಪೂರಾ ಹೊಸಾದು ಹಾಕು’ ಸಂಪ್ರದಾಯ. ಕೊಟೇಶನ್ ಓದಿ ನಮ್ಮ ಮನೆಯವಳು ಎತ್ತಿನ ಬಂಡಿಯ ಬೆಲೆ ಕೇಳಿದಳು.

ಸಿದ್ಧಾಂತ ದೊರೆತದ್ದು ಬಸ್‌ಸ್ಟ್ಯಾಂಡ್ ಕಡೆಯ ಒಬ್ಬ ಮಿಸ್ತ್ರಿಯಲ್ಲಿ. ಸ್ಕ್ಯಾನರ್ ಹಚ್ಚಿದ; ‘ಬಿ’ಯಿಂದ ಶುರುವಾಗುವ ಕೋಡ್ ಬಂತು. ಪಿ ಎಂದರೆ ಎಂಜಿನ್ ಕಡೆಯದು, ಸಿ ಚಾಸಿಯದು, ಬಿ ಬಾಡಿಯದು. ಕೆಳಗೆ, ಡ್ರೈವರ್ ಪ್ರಿಟೆನ್ಷನರ್ ಸರ್ಕ್ಯೂಟಿನ ರೆಸಿಸ್ಟೆನ್ಸ್ ಹೆಚ್ಚು ಎಂಬ ಒಕ್ಕಣೆ. ನಾನು “ಹಂಗಾರ ಪ್ರಿಟೆನ್ಷನರ್ ಹೋಗೇತಿ” ಎಂದೆ. “ಸರ, ಅದು ಸರ್ಕ್ಯೂಟ್ ಅಂದೈತಿ, ಪ್ರಿಟೆನ್ಷನರ್ ಅಂದಿಲ್ಲ” ಎಂದ. ವಿಶೇಷಣ ವಿಶೇಷ್ಯಗಳ ಈ ವಿವೇಕ ನಮ್ಮ ವಿಮರ್ಶಕರಲ್ಲೂ ಅಪರೂಪ.

ಬ್ಯಾಟರಿ ಕಳಚಿದ. ಯುನಿಟ್ಟಿನ ಒಳಗೆ ಉಳಿದ ಚಾರ್ಜ್ ಇಳಿಯಲೆಂದು ಸುಮ್ಮನೆ ಕೂತ. ನಾನು ಮಲ್ಟಿಮೀಟರ್ ಎತ್ತಿಕೊಂಡು ಮುಂದೆ ಬಂದಾಗ ಕೈ ಹಿಡಿದ: “ಸರ, ಅದರೊಳಗ ಮದ್ದೈತಿ. ಮೀಟರಿನ ಕರೆಂಟಿಗೇ ಸಿಡದರ?” ಪ್ರಿಟೆನ್ಷನರನ್ನು ಬಿಡಿಸಿ, ಅದರ ಜಾಗದಲ್ಲಿ ಎರಡು ಓಮಿನ ಪುಟ್ಟ ರೆಸಿಸ್ಟರ್ ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ಕೋಡ್ ಅಳಿಸಿ ಮತ್ತೆ ಸ್ಕ್ಯಾನ್ ಮಾಡಿದ. ಒಳ್ಳೆಯ ಪ್ರಿಟೆನ್ಷನರಿನ ರೆಸಿಸ್ಟೆನ್ಸೂ ಸುಮಾರು ಅಷ್ಟೇ. ಕೋಡ್ ಮತ್ತೆ ಬಂತು. ಪ್ರಿಟೆನ್ಷನರ್ ಇಲ್ಲದಾಗಲೂ ದೋಷವಿದೆ, ಆದ್ದರಿಂದ ದೋಷ ಅದರದಲ್ಲ: ಅನ್ವಯ-ವ್ಯತಿರೇಕ. ಕಾಶಿಗೆ ಹೋಗಿ ಹನ್ನೆರಡು ವರ್ಷ ಓದುವುದನ್ನು ಆತ ಗ್ರೀಸ್ ಕೈಯಲ್ಲಿ ಮುಗಿಸಿದ.

ಮತ್ತೆ ಬ್ಯಾಟರಿ ಕಳಚಿ, ಕಾದು, ಸೀಟಿನ ಕೆಳಗೆ ಟಾರ್ಚ್ ಬಿಟ್ಟ. ಮೊದಲು ಬುತ್ತಿಯ ಗಂಟು ಬಂತು, ಅದರ ಹಿಂದೆ ಕಟಕ ರೊಟ್ಟಿಯ ಚೂರು, ಒಂದು ಚಪ್ಪಲಿ, ಕೊನೆಗೆ ಗುಡ್ಡದಿಂದ ತಂದ ಭಂಡಾರದ ಪೊಟ್ಟಣ, ಒಡೆದದ್ದು. ಏರ್‌ಬ್ಯಾಗ್ ಸರ್ಕ್ಯೂಟಿನ ಪ್ಲಗ್ಗು ಹಳದಿ, ಭಂಡಾರವೂ ಹಳದಿ. ಯಾವುದು ಎಲ್ಲಿ ಮುಗಿಯಿತೆಂದು ತಿಳಿಯಲು ಇಬ್ಬರೂ ನೆಲಕ್ಕೆ ಗದ್ದ ಹಚ್ಚಬೇಕಾಯಿತು. ಗಂಟಿನ ಒತ್ತಿಗೆ ಪ್ಲಗ್ಗು ಅರ್ಧ ಜಾರಿತ್ತು, ಗಾಡಿ ಕಡೆಯ ಪಿನ್ನುಗಳ ಮೇಲೆ ಅರಿಷಿಣದ ಪುಡಿ ಕೂತಿತ್ತು. ಎರಡು ಓಮಿನ ಲೆಕ್ಕ ಕೆಡಲು ಅಷ್ಟು ಸಾಕು. ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಬ್ರಷ್ಷಿನಿಂದ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪ್ಲಗ್ಗನ್ನು ‘ಟಕ್’ ಎನ್ನುವವರೆಗೆ ಒತ್ತಿದ. ಸ್ಕ್ಯಾನರಿನಿಂದ ಕೋಡ್ ಅಳಿಸಿದ. ದೀಪ ಆರಿತು.

“ಇಷ್ಟ ದಿನಾ ಲೈಟ್ ಉರಕೋತ ಓಡಿಸಿದ್ರ್ಯಾ?” ಎಂದು ಕೇಳಿದ. ಹನ್ನೊಂದು ದಿನ, ಎಂದೆ.

“ಆ ಹನ್ನೊಂದ ದಿನಾ ಗುದ್ದಿದ್ರ ಬೆಲ್ಟ್ ಬಿಗೀತಿತ್ತಂತ ಹೇಳಾಕ ಬರೂದುಲ್ಲ ಸರ. ಏರ್‌ಬ್ಯಾಗಿಂದೂ ಹಂಗ.”

ಬುತ್ತಿಯ ಗಂಟು ಈಗ ಡಿಕ್ಕಿಯಲ್ಲಿದೆ. ಟಿಕಳಿ ಪಂಥದವರು ಈ ಪ್ರಬಂಧಕ್ಕೆ ಖಂಡನೆ ಬರೆಯುವುದಿದ್ದರೆ, ಮೊದಲು ತಮ್ಮ ಸೀಟಿನ ಕೆಳಗೆ ಒಮ್ಮೆ ಬಗ್ಗಿ ನೋಡಿ ಬರಬೇಕೆಂದು ವಿನಂತಿ.