ಎರಡನೇ ಸಲದ ರಸಿಕ

ಮಲ್ಟಿಪ್ಲೆಕ್ಸಿನ ಪಾಪ್‌ಕಾರ್ನ್ ಸಾಲಿನಲ್ಲಿ ಇವನನ್ನು ಗುರುತಿಸುವುದು ಸುಲಭ. ಉಳಿದವರೆಲ್ಲ ಮಕ್ಕಳನ್ನು ಕರೆತಂದಿರುತ್ತಾರೆ. ಇವನನ್ನು ಮಾತ್ರ ಮಗುವೇ ಕರೆತಂದ ಹಾಗಿರುತ್ತದೆ. ಮೂವತ್ತೈದು ದಾಟಿದ ವಯಸ್ಸು, ಹಿಂದೆ ಸರಿಯುತ್ತಿರುವ ಕೂದಲು, ಕೊರಳಲ್ಲಿ ಇನ್ನೂ ಆಫೀಸಿನ ಬ್ಯಾಡ್ಜು. ಮಗಳು "ಅಪ್ಪಾ, ಐಸ್‌ಕ್ರೀಮು" ಅಂದರೆ, "ಟೈಟಲ್ ಹೊರಟುಹೋಗುತ್ತೆ ಪುಟ್ಟಿ, ಬಾ" ಎಂದು ದರದರ ಎಳೆದುಕೊಂಡು ಓಡುತ್ತಾನೆ.

ಹಳೆಯ ಕಾರ್ಟೂನ್ ಸಿನಿಮಾ ಥಿಯೇಟರಿಗೆ ಮರಳಿ ಬಂತೆಂದರೆ ಇವನು ಹಾಜರ್. 2025ರ ಜನವರಿ 24ರಂದು 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' 4ಕೆ ರೂಪದಲ್ಲಿ ಬಿಡುಗಡೆಯಾದಾಗಲಂತೂ ಬೆಂಗಳೂರಿನಲ್ಲಿ ಈ ಜಾತಿಯವರ ಜಾತ್ರೆಯೇ ನೆರೆದಿತ್ತು. ಜಪಾನಿನ ಯೂಗೋ ಸಾಕೋ, ಕೋಯಿಚಿ ಸಾಸಾಕಿ ಮತ್ತು ನಮ್ಮವರೇ ಆದ ರಾಮ್ ಮೋಹನ್ ಸೇರಿ ನಿರ್ದೇಶಿಸಿ 1992ರಲ್ಲಿ ಮುಗಿಸಿದ ಚಿತ್ರ ಅದು. ರಾಮಾಯಣ ಬರೆದವರ ಭಾರ ಆದಿಶೇಷನಿಗೇ ಹೆಚ್ಚಾಯಿತೆಂದು ಕುಮಾರವ್ಯಾಸ ಎಂದೋ ಹೇಳಿಬಿಟ್ಟಿದ್ದ. ಅದರ ಮೇಲೆ ಜಪಾನಿನದೂ ಒಂದು ಸೇರಿತು. ಅಯೋಧ್ಯೆಯ ವಿವಾದ ಉರಿಯುತ್ತಿದ್ದ ಆ ದಿನಗಳಲ್ಲಿ ಇದು ನಮ್ಮ ಚಿತ್ರಮಂದಿರಗಳಿಗೆ ಸರಿಯಾಗಿ ಬರಲೇ ಇಲ್ಲ. ನಮ್ಮ ರಸಿಕ ಇದನ್ನು ನೋಡಿದ್ದು ಕಾರ್ಟೂನ್ ನೆಟ್‌ವರ್ಕಿನಲ್ಲಿ, ರಜೆಗೆ ಸಾಗರದ ಅಜ್ಜಿಮನೆಗೆ ಹೋದಾಗ. ನೋಡಿದ್ದು ಅನ್ನುವುದೂ ಹೆಚ್ಚಾಯಿತು. ನಡುನಡುವೆ ಜಾಹೀರಾತು, ಕುಂಭಕರ್ಣ ಏಳುವ ಹೊತ್ತಿಗೆ ಸರಿಯಾಗಿ ಕರೆಂಟು ಮಲಗುತ್ತಿತ್ತು.

"ರೀ, ಆಗ್ಲೇ ನೋಡಿದೀರಲ್ಲ?" ಎಂದು ಹೆಂಡತಿ ಕೇಳಿದ್ದುಂಟು.

"ಅದು ನೋಡಿದ್ದಲ್ಲ ಕಣೆ, ಕಣ್ಣಿಗೆ ಬಿದ್ದಿದ್ದು."

ಅಮ್ಮನದು ಬೇರೆ ತಕರಾರು. "ರಾಮಾಯಣದ ಕಥೆ ನಿಂಗೆ ಗೊತ್ತಿಲ್ವೇನೋ? ಅದ್ಕೆ ಅಷ್ಟೊಂದು ದುಡ್ಡು ಕೊಡ್ಬೇಕಾ?"

"ನೀನು ಪ್ರತಿ ವರ್ಷ ಅದೇ ಪ್ರಸಂಗದ ಆಟಕ್ಕೆ ಹೋಗಲ್ವಾ?"

"ಅದು ಹನುಮಂತನ ವೇಷ ಯಾರದು ಅಂತ ನೋಡೋಕೆ," ಎಂದ ಅಮ್ಮ ಒಂದು ಕ್ಷಣ ಬಿಟ್ಟು, "ಸರಿ, ಹೋಗ್ಬಾ" ಎಂದರು. ಕಥೆ ಗೊತ್ತಿದ್ದವನಿಗೇ ಆಟದ ರುಚಿ ಸಿಗುವುದು ಎಂಬುದನ್ನು ಯಕ್ಷಗಾನ ನೋಡಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಥಿಯೇಟರಿನೊಳಗೆ ಇವನ ಜಾಗ ಸಾಲಿನ ನಟ್ಟನಡುವೆ. ಅಲ್ಲಿಗೆ ಸೇರಲು ಆರು ಜನರ ಕಾಲು ತುಳಿಯುತ್ತಾನೆ. ದೀಪ ಆರಿದ ಮೇಲೆ ಯಾರಾದರೂ ಪಿಸುಗುಟ್ಟಿದರೆ "ಶ್!" ಎನ್ನುವವನೂ ಇವನೇ, ಮರುಕ್ಷಣದಿಂದ ಒಂದೇ ಸಮನೆ ಮಾತಾಡುವವನೂ ಇವನೇ. ಪರದೆಯ ಮೇಲೆ ಶಿವಧನುಸ್ಸು ಮುರಿಯುತ್ತಿರುತ್ತದೆ, ಸಭೆಯೆಲ್ಲ ರಾಮನನ್ನು ನೋಡುತ್ತಿರುತ್ತದೆ. ಇವನು ಮಾತ್ರ ಹಿಂದೆ ನಿಂತ ರಾಜಕುಮಾರರ ಪಂಚೆಯ ನೆರಿಗೆ ನೋಡುತ್ತಾನೆ. "ನೆರಿಗೆ ನೋಡಿದ್ಯಾ? ಪಂಚೆ ಉಡೋದು ಹೇಗೆ, ಹಿರಿಯರಿಗೆ ನಮಸ್ಕಾರ ಮಾಡೋದು ಹೇಗೆ ಅಂತ ಜಪಾನಿನವರಿಗೆ ನಮ್ಮವರೇ ಕೂತು ಹೇಳಿಕೊಟ್ಟಿದ್ದು!" ಪಕ್ಕದ ಸೀಟಿನ ಅಪರಿಚಿತರು ಮರ್ಯಾದೆಗೆ ತಲೆಯಾಡಿಸುತ್ತಾರೆ. ಅದೇ ಅವರು ಮಾಡುವ ತಪ್ಪು. ಅಲ್ಲಿಂದಾಚೆಗೆ ಇಂಟರ್ವಲ್‌ವರೆಗೆ ಬಿಡುಗಡೆಯಿಲ್ಲ.

ನಾನು ಕೂತದ್ದು ಇಂಥವನೊಬ್ಬನ ಹಿಂದಿನ ಸಾಲಿನಲ್ಲಿ. ಕಿರಿಕಿರಿಯಾಯಿತು, ನಿಜ. ಆದರೆ ಅವನು ಬೆರಳು ತೋರಿಸಿದ ಕಡೆ ಕಣ್ಣು ಹಾಯಿಸದೆ ಇರಲಾಗಲಿಲ್ಲ, ಅದೂ ನಿಜ. ಆ ಕಾಲದಲ್ಲಿ ಪಾತ್ರಗಳನ್ನು ಪಾರದರ್ಶಕ ಹಾಳೆಯ ಮೇಲೆ ಬರೆದು, ಬೆನ್ನಿಗೆ ಬಣ್ಣ ಹಚ್ಚಿ, ಬಣ್ಣದ ಹಿನ್ನೆಲೆಯ ಮೇಲಿಟ್ಟು ಒಂದೊಂದೇ ಫೋಟೋ ತೆಗೆಯುತ್ತಿದ್ದರು. ಹನುಮಂತ ಒಮ್ಮೆ ಕತ್ತು ಹೊರಳಿಸಬೇಕಾದರೂ ಅವನನ್ನು ಮತ್ತೆ ಮತ್ತೆ ಬರೆಯಬೇಕು. ಈ ಚಿತ್ರಕ್ಕೆ ಅಂಥ ಸುಮಾರು 1 ಲಕ್ಷ ಹಾಳೆ ಬಿದ್ದವಂತೆ. ಆದರೆ ಹಿಂದಿನ ಕಾಡನ್ನು ಒಂದೇ ಸಲ ಬರೆದರೆ ಮುಗಿಯಿತು. ಹಾಗಾಗಿ ಕಾಡು ಬರೆಯುವವನು ಅದರಲ್ಲೇ ಮುಳುಗಿರಬಹುದು: ಬೇರಿನ ಪಾಚಿ, ಎಲೆಯ ಸಂದಿಯಿಂದ ಇಳಿದ ಬಿಸಿಲು, ಗುಡ್ಡದಾಚೆಯ ಮಂಜು. ಅಜ್ಜಿಮನೆಯ ಟೀವಿಯಲ್ಲಿ ಅದೆಲ್ಲ ಹಸಿರು ಕಲೆಯಾಗಿ ಕಾಣುತ್ತಿತ್ತು. ಇಲ್ಲಿ ದಂಡಕಾರಣ್ಯಕ್ಕೆ ಆಳ ಬಂದಿತ್ತು. ರಾಮ ಜಿಂಕೆಯ ಬೆನ್ನಟ್ಟಿ ಎಷ್ಟು ದೂರ ಹೋದ, ಸೀತೆ ಎಷ್ಟು ಒಂಟಿಯಾದಳು ಎಂದು ಕಣ್ಣಿಗೇ ತಿಳಿಯುತ್ತಿತ್ತು.

ಮತ್ತೆ ಕುಂಭಕರ್ಣ! 21 ಇಂಚಿನ ಟೀವಿಯಲ್ಲಿ ಗೇಣುದ್ದ ಇದ್ದವನು. ಇಲ್ಲಿ ಅವನ ಮೂಗಿನ ಹೊಳ್ಳೆಯೇ ಆ ಟೀವಿಗಿಂತ ದೊಡ್ಡದು. ಅವನು ಎದ್ದು ಕೂತಾಗ ನಮ್ಮ ರಸಿಕನ ಮಾತು ಮೊದಲ ಸಲ ನಿಂತಿತು. ಕರೆಂಟು ಹೋಗಲಿಲ್ಲವಲ್ಲ ಎಂಬ ಆಶ್ಚರ್ಯಕ್ಕೂ ಇರಬಹುದು. ಇದೇ ಸಂದು ನೋಡಿ ಅವನ ಮಗಳು ಪಾಪ್‌ಕಾರ್ನಿನ ಡಬ್ಬ ಖಾಲಿ ಮಾಡಿದಳು.

ಹಾಗೆಂದು ಇವನಿಗೆ ಪೂರ್ತಿ ತೃಪ್ತಿಯಾಗುತ್ತದೆ ಎಂದುಕೊಳ್ಳಬೇಡಿ. ಹಳೆಯ ಹಿಂದಿ ಅವತರಣಿಕೆಯಲ್ಲಿ ರಾಮನಿಗೆ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ ಕಂಠ ಕೊಟ್ಟಿದ್ದರು. ಈಗ ಬಂದದ್ದು ಹೊಸ ಹಿಂದಿ. "ಪುರಿ ಇಲ್ಲದ ರಾವಣ ರಾವಣನೇ ಅಲ್ಲ" ಎಂದು ಹಟ ಹಿಡಿದು ಇಂಗ್ಲಿಷ್ ಷೋ ಬುಕ್ ಮಾಡುತ್ತಾನೆ. ವನರಾಜ್ ಭಾಟಿಯಾ ಅವರ ಸಂಗೀತದಲ್ಲಿ ಸಂಸ್ಕೃತದ ಹಾಡು ಬಂದಾಗ ಕಣ್ಣು ಮುಚ್ಚುತ್ತಾನೆ. ನೋಡುವುದಕ್ಕೆಂದು ದುಡ್ಡು ಕೊಟ್ಟವನು ಕಣ್ಣು ಮುಚ್ಚಿದ್ದೇಕೆಂದು ಕೇಳಬಾರದು. ಕೊನೆಗೆ ಹೆಸರುಗಳೆಲ್ಲ ಮೇಲೆ ಸರಿದು ಮುಗಿಯುವತನಕ ಏಳುವುದಿಲ್ಲ. ಕಸಬರಿಗೆ ಹಿಡಿದ ಹುಡುಗ ಬಾಗಿಲಲ್ಲಿ ಕಾಯುತ್ತಿರುತ್ತಾನೆ, ಹೆಂಡತಿ ಪಾರ್ಕಿಂಗ್ ಚೀಟಿ ಹುಡುಕುತ್ತಿರುತ್ತಾಳೆ, ಇವನು ಜಪಾನಿ ಹೆಸರುಗಳನ್ನು ಒಂದೊಂದಾಗಿ ಓದುತ್ತಿರುತ್ತಾನೆ.

ಮುಂದಿನ ವಾರ ಅಮ್ಮನನ್ನೂ ಹೊರಡಿಸಿದ. ಆಟ ಮುಗಿದ ಮೇಲೆ ಅಮ್ಮನ ತೀರ್ಪು ಹೀಗಿತ್ತು: "ಹನುಮಂತ ಪರವಾಗಿಲ್ಲ. ರಾವಣನ ವೇಷ ಬಹಳ ಚೆಂದ. ಆದ್ರೆ ಮಾತೊಂದೂ ತಿಳೀಲಿಲ್ಲ ನೋಡು." ಇಡೀ ರಾತ್ರಿ ಅರ್ಥಗಾರಿಕೆ ಕೇಳಬಲ್ಲ ಹೆಂಗಸು ಎರಡೂಕಾಲು ಗಂಟೆ ಮೂಕಚಿತ್ರ ನೋಡಿ ಬಂದ ಹಾಗಾಯಿತು. ತಮಿಳಿಗೆ ಬಂದಿತ್ತು, ತೆಲುಗಿಗೆ ಬಂದಿತ್ತು, ಕನ್ನಡಕ್ಕೆ ಬಂದಿರಲಿಲ್ಲ. ಡಬ್ಬಿಂಗ್ ಕೂಡದೆಂದು ನಾವು ದಶಕಗಟ್ಟಲೆ ಬಾಗಿಲು ಹಾಕಿಕೊಂಡು ಕೂತಿದ್ದೆವು. ನಮ್ಮ ಮಕ್ಕಳು ಕಾರ್ಟೂನನ್ನು ಬೇರೆಯವರ ಭಾಷೆಯಲ್ಲೇ ನೋಡಿ ಬೆಳೆದರು. ಈಗ ಆ ಬಾಗಿಲು ತೆರೆದಿದೆ. ಅದೇ 2025ರ ಜುಲೈನಲ್ಲಿ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಬಂತು, ಅಮ್ಮ ಅದಕ್ಕೆ ತಾವಾಗಿಯೇ ಹೊರಟರು.

ಆದ್ದರಿಂದ ಸಿನಿಮಾ ಹಂಚುವ ಮಹನೀಯರಲ್ಲಿ ಒಂದು ಮನವಿ. ಈ ಜಪಾನಿ ರಾಮನಿಗೂ ದಯವಿಟ್ಟು ಕನ್ನಡ ಕಲಿಸಿ. ಆ ಒಂದು ಮನೆಯಿಂದಲೇ ನಾಲ್ಕು ಟಿಕೆಟ್ ಖಾತ್ರಿ. ಹಿಂದಿನ ಸಾಲಿನಲ್ಲಿ ನನ್ನದೂ ಒಂದು.